ಬ್ರಯಾನ್ ಮೇ ಸದ್ದು ಬರಬೇಕು, ಯಾವ ಪೆಡಲ್ ತಗೊಳ್ಳಲಿ?

ಮಲ್ಲೇಶ್ವರಂ_ಬೆಂಡ್

ಎಲ್ಲರಿಗೂ ನಮಸ್ಕಾರ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಹುಚ್ಚು ಹಿಡಿದು ಎರಡು ವರ್ಷ ಆಯಿತು. ಸೋಲೋಗಳನ್ನು ಒಂದೊಂದಾಗಿ ಕಲಿತಿದ್ದೇನೆ. ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ. ಸದ್ದು ಮಾತ್ರ ಡಬ್ಬದಲ್ಲಿ ಸಿಕ್ಕಿಕೊಂಡ ಜೀರುಂಡೆ ಥರ ಇದೆ.

ನನ್ನ ಹತ್ತಿರ ಇರುವುದು ಮೂರು ಪಿಕಪ್‌ನ (ತಂತಿಯ ಮಿಡಿತವನ್ನು ಕರೆಂಟ್ ಮಾಡುವ ಸುರುಳಿ) ಸ್ಟ್ರಾಟ್ ಮಾದರಿ ಗಿಟಾರ್, ಮನೆಯಲ್ಲಿ ನುಡಿಸುವ 15 ವಾಟ್ ಆಂಪ್, ಒಂದು ಟ್ಯೂನರ್ ಪೆಡಲ್, ಎರಡು ಡಿಸ್ಟಾರ್ಷನ್ (ಸದ್ದು ಒಡೆಸುವ) ಪೆಡಲ್. ಮೂರನೆಯದಕ್ಕೆ ದುಡ್ಡು ಕೂಡಿಟ್ಟಿದ್ದೇನೆ. ಯಾವುದು ತಗೊಳ್ಳಲಿ ಹೇಳಿ. ನಾವಿರುವುದು ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಕೆಳಗಿನ ಮನೆಯ ಅಜ್ಜಿ ಸಂಜೆ ವಿಷ್ಣು ಸಹಸ್ರನಾಮ ಹೇಳುವ ಹೊತ್ತು ಬಿಟ್ಟು ಉಳಿದಾಗ ಸ್ವಲ್ಪ ಜೋರಾಗಿ ನುಡಿಸಬಹುದು.

ಹಳೇತಂತಿ

ತಮ್ಮಾ, ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಮೊದಲು ಆ ಮನುಷ್ಯ ಏನು ನುಡಿಸುತ್ತಾನೆ ಅಂತ ನೋಡು. ಅಂಗಡಿಯಲ್ಲಿ ಸಿಗುವ ಗಿಟಾರ್ ಅಲ್ಲ ಅದು. ಅಪ್ಪ ಮಗ ಸೇರಿ ಮನೆಯಲ್ಲೇ ಮಾಡಿದ್ದು.

1963ರ ಆಗಸ್ಟ್. ಲಂಡನ್ ಅಂಚಿನ ಫೆಲ್ಟಮ್. ಬ್ರಯಾನ್‌ಗೆ ಹದಿನಾರು ವರ್ಷ. ಫೆಂಡರ್, ಗಿಬ್ಸನ್ ಕಂಪನಿಗಳ ಗಿಟಾರ್ ಎಲ್ಲ ಕೈಗೆ ಎಟುಕದ ಮಾತು. ಅಪ್ಪ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಮರಗೆಲಸವೂ ಗೊತ್ತು. ಇಬ್ಬರೂ ಕೂತು ಸುಮಾರು ಎರಡು ವರ್ಷ ಕೆತ್ತಿದರು. ಕುತ್ತಿಗೆಗೆ ಬಳಸಿದ್ದು ಹಳೇ ಮನೆಯೊಂದರ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ. ಅದು ನೂರು ವರ್ಷಕ್ಕೂ ಹಳೆಯದು, ಹುಳ ಕೊರೆದ ತೂತುಗಳಿದ್ದವು. ಅದಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಮೈಗೆ ಹಳೇ ಮೇಜಿನ ಓಕ್. ಬೆರಳುಹಲಗೆಯ ಮೇಲಿನ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತುಚಿಪ್ಪಿನ ಗುಂಡಿಗಳು.

ನನಗೆ ಜಾಸ್ತಿ ಇಷ್ಟ ಅದರ ಟ್ರೆಮೊಲೊ, ಅಂದರೆ ಶ್ರುತಿ ಬಗ್ಗಿಸುವ ಹಿಡಿಕೆಯ ವ್ಯವಸ್ಥೆ. ಚಾಕುವಿನ ಅಂಚಿನಂಥ ಉಕ್ಕಿನ ತುಂಡಿನ ಮೇಲೆ ತಂತಿಗಳ ತುದಿ ಹಿಡಿದ ಭಾಗ ತೂಗಾಡುತ್ತದೆ. ತಂತಿಗಳ ಎಳೆತಕ್ಕೆ ಎದುರಾಗಿ ನಿಲ್ಲುವುದು 1928ರ ಪ್ಯಾಂಥರ್ ಮೋಟಾರ್ ಬೈಕಿನ ಎರಡು ವಾಲ್ವ್ ಸ್ಪ್ರಿಂಗ್. ಹಿಡಿಕೆಗೆ ಸೈಕಲ್ಲಿನ ಸೀಟು ಚೀಲ ಕಟ್ಟುವ ಕಂಬಿ, ಅದರ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ತಂತಿಗಳು ಕೂರುವ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿಗೂ ಒಂದೊಂದು ಪುಟ್ಟ ಉರುಳೆ. ಹಿಡಿಕೆ ಎಷ್ಟು ಬಗ್ಗಿಸಿದರೂ ಶ್ರುತಿ ಹಳೇ ಜಾಗಕ್ಕೆ ಮರಳುತ್ತದೆ. ಕಾಸು ಕೊಟ್ಟು ತಂದ ನಿನ್ನ ಗಿಟಾರಿನಲ್ಲಿ ಹಾಗೆ ಆಗುತ್ತಾ ನೋಡು.

ಸದ್ದಿನ ವಿಷಯಕ್ಕೆ ಬಂದರೆ ಎರಡು ಗುಟ್ಟು. ಒಂದು, ಮೈಯೊಳಗೆ ಅಲ್ಲಲ್ಲಿ ಟೊಳ್ಳು ಬಿಟ್ಟಿದ್ದಾರೆ, ಬೇಕಂತಲೇ. ಆಂಪ್ ಮುಂದೆ ನಿಂತರೆ ಸ್ವರ ತಾನೇ ಉದ್ದವಾಗಿ ಹಾಡಲಿ ಅಂತ. ಎರಡು, ಮೂರು ಬರ್ನ್ಸ್ ಟ್ರೈಸಾನಿಕ್ ಪಿಕಪ್‌ಗಳು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಣೆಯಲ್ಲಿವೆ. ಮೊದಲು ಪಿಕಪ್ಪೂ ಸ್ವಂತಕ್ಕೆ ಸುತ್ತಿದ್ದರು, ತಂತಿ ಎಳೆದಾಗ ಸದ್ದು ವಿಚಿತ್ರವಾಗುತ್ತಿತ್ತು ಅಂತ ಬಿಟ್ಟರು. ನಿನ್ನ ಸ್ಟ್ರಾಟ್‌ನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಪ್ಯಾರಲೆಲ್ (ಅಕ್ಕಪಕ್ಕದ ಜೋಡಣೆ), ಸದ್ದು ತೆಳ್ಳಗೆ, ಥಳಥಳ. ಸೀರೀಸ್‌ನಲ್ಲಿ ಎರಡರ ಬಲವೂ ಕೂಡುತ್ತದೆ, ನಡುಧ್ವನಿ ದಪ್ಪಗಾಗುತ್ತದೆ. ಅಲ್ಲಿ ಐದು ಜಾಗದ ಸ್ವಿಚ್ ಇಲ್ಲ. ಪ್ರತಿ ಪಿಕಪ್‌ಗೂ ಒಂದು ಆನ್ ಆಫ್, ಒಂದು ಫೇಸ್ (ಅಲೆಯ ಏರಿಳಿತ) ತಿರುಗಿಸುವ ಸ್ವಿಚ್, ಒಟ್ಟು ಆರು. ಫೇಸ್ ತಿರುಗಿಸಿದರೆ ಮೂಗು ಮುಚ್ಚಿಕೊಂಡು ಹಾಡಿದ ಹಾಗೆ ಕೇಳುತ್ತದೆ. ಅಂದರೆ ಬೇರೆಯವರು ಪೆಡಲ್ ಕೊಂಡು ಮಾಡುವ ಕೆಲಸದಲ್ಲಿ ಅರ್ಧ ಇಲ್ಲೇ, ಗಿಟಾರ್ ಮೇಲೆಯೇ ಮುಗಿದುಹೋಯಿತು.

ಕಿವುಡು_ಡ್ರಮ್ಮರ್

ಅಪಾರ್ಟ್‌ಮೆಂಟಿನಲ್ಲಿ ಬೆಂಕಿಗೂಡು ಇಲ್ಲ. ದೇವರ ಮನೆ ಬಾಗಿಲು ನಡೆಯುತ್ತಾ?

ಸಾಲ್ಡರ್_ಕೈ

ಹಳೇತಂತಿಯವರು ಗಿಟಾರ್ ಹೇಳಿದರು. ನಾನು ಉಳಿದದ್ದು ಹೇಳುತ್ತೇನೆ.

ಆಂಪ್ ಅಂದರೆ ವಾಕ್ಸ್ ಎಸಿ30. ಹೆಸರಿನಲ್ಲೇ ಇದೆ, 30 ವಾಟ್. ಒಳಗೆ ನಾಲ್ಕು ಇಎಲ್84 ವಾಲ್ವ್ (ಹಳೇ ಕಾಲದ ಗಾಜಿನ ಕೊಳವೆ), ಎರಡು 12 ಇಂಚಿನ ಸ್ಪೀಕರ್. ನೆಗೆಟಿವ್ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಪಾಲನ್ನು ಒಳಗೆ ಮರಳಿಸಿ ತಿದ್ದುವುದು) ಇಲ್ಲದ ಸರ್ಕ್ಯೂಟ್. ಹಾಗಾಗಿ ಜೋರು ಮಾಡುತ್ತ ಹೋದರೆ ಸದ್ದು ಒಮ್ಮೆಲೇ ಒಡೆಯುವುದಿಲ್ಲ, ಮೆಲ್ಲಗೆ ಹಿಂಡಿಕೊಳ್ಳುತ್ತ ಹೋಗುತ್ತದೆ. ಮೇ ಬಳಸುವುದು ಅದರ ನಾರ್ಮಲ್ ಚಾನೆಲ್, ವಾಲ್ಯೂಮ್ ಪೂರ್ತಿ ತಿರುಗಿಸಿ. ವೇದಿಕೆ ಮೇಲೆ ಸಾಲಾಗಿ ಒಂಬತ್ತು ಇಟ್ಟಿರುವ ಫೋಟೋ ನೀವೆಲ್ಲ ನೋಡಿರುತ್ತೀರಿ.

ಆ ಚಾನೆಲ್ ಸ್ವಲ್ಪ ಮಂಕು. ಸೀರೀಸ್ ಪಿಕಪ್ಪೂ ದಪ್ಪ. ಎರಡೂ ಸೇರಿ ಪೂರ್ತಿ ಜೋರಿನಲ್ಲಿ ನುಡಿಸಿದರೆ ಕೆಸರು. ಇಲ್ಲಿ ಬರುವುದು ಟ್ರೆಬಲ್ ಬೂಸ್ಟರ್. ಇದನ್ನು ಮೇ ಕಲಿತದ್ದು ಐರ್ಲೆಂಡಿನ ರೋರಿ ಗ್ಯಾಲಗರ್ ಅವರಿಂದ. ರೋರಿ ಸದ್ದಿಗೆ ಮರುಳಾಗಿ, ಹೋಗಿ ಕೇಳಿದರಂತೆ, ಹೇಗೆ ಮಾಡುತ್ತೀರಿ ಅಂತ. ರೋರಿ ಮುಚ್ಚುಮರೆ ಇಲ್ಲದೆ ತೋರಿಸಿದರು. ಒಂದು ಎಸಿ30, ಒಂದು ಡಲ್ಲಾಸ್ ರೇಂಜ್‌ಮಾಸ್ಟರ್, ಅಷ್ಟೇ. ಗುಟ್ಟು ಬಿಟ್ಟುಕೊಡದ ಗಿಟಾರಿಗರನ್ನು ನಾನು ನಮ್ಮೂರಲ್ಲೇ ಬೇಕಾದಷ್ಟು ನೋಡಿದ್ದೇನೆ, ಅದಕ್ಕೇ ಈ ಕತೆ ನನಗೆ ಇಷ್ಟ.

ರೇಂಜ್‌ಮಾಸ್ಟರ್ ಒಳಗೆ ಇರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಓಸಿ44. ಕಾಲಲ್ಲಿ ಒತ್ತುವ ಪೆಡಲ್ ಕೂಡ ಅಲ್ಲ ಅದು, ಆಂಪ್ ತಲೆ ಮೇಲೆ ಇಡುವ ಪೆಟ್ಟಿಗೆ. ಇನ್‌ಪುಟ್‌ನಲ್ಲಿ ಚಿಕ್ಕ ಕೆಪಾಸಿಟರ್, ಸುಮಾರು 5 ನ್ಯಾನೋಫ್ಯಾರಡ್. ಅದು ಕೆಳಗಿನ ಸ್ವರಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಉಳಿದ ಮೇಲಿನದು ಮತ್ತು ನಡುವಿನದು ದೊಡ್ಡದಾಗಿ ಆಂಪ್‌ಗೆ ಹೋಗಿ ಬಡಿಯುತ್ತದೆ. ಹೆಸರು ಟ್ರೆಬಲ್ ಬೂಸ್ಟರ್ ಅಂತ ಇದ್ದರೂ ಕೆಲಸ ಅಂದರೆ ಬೇಸ್ ಕಳೆದು ವಾಲ್ವ್ ಕುಣಿಸುವುದು.

ಇನ್ನೊಂದು ಮುಖ್ಯ ವಿಷಯ. ಮೇ ಸದ್ದು ಬದಲಿಸುವುದು ಕಾಲಿನಿಂದ ಅಲ್ಲ, ಗಿಟಾರಿನ ವಾಲ್ಯೂಮ್ ನಾಬ್‌ನಿಂದ. ಪೂರ್ತಿ ತೆರೆದರೆ ಸೋಲೋ. ಸ್ವಲ್ಪ ಇಳಿಸಿದರೆ ಕಾರ್ಡ್. ಇನ್ನೂ ಇಳಿಸಿದರೆ ಗಾಜಿನಂಥ ಶುದ್ಧ ಸದ್ದು. ಆಂಪ್ ಅಲ್ಲೇ ಇದೆ, ಬೂಸ್ಟರ್ ಅಲ್ಲೇ ಇದೆ. ಇದು ನಡೆಯಬೇಕಾದರೆ ಬೂಸ್ಟರ್‌ಗೆ ಪಿಕಪ್ ನೇರವಾಗಿ ಕಾಣಿಸಬೇಕು, ನಡುವೆ ಏನೂ ಇರಬಾರದು.

ಮಲ್ಲೇಶ್ವರಂ_ಬೆಂಡ್

ಸರ್, ಇಷ್ಟೊಂದು ವಿವರಕ್ಕೆ ಥ್ಯಾಂಕ್ಸ್. ಆದರೆ ಮೂರನೇ ಮಹಡಿಯಲ್ಲಿ ಎಸಿ30 ಪೂರ್ತಿ ತಿರುಗಿಸಿದರೆ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ ಬರುತ್ತದೆ. ಟ್ರೆಬಲ್ ಬೂಸ್ಟರನ್ನು ನನ್ನ 15 ವಾಟ್ ಆಂಪ್‌ಗೆ ಹಾಕಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆಗಲ್ವಾ? ಮತ್ತೆ ಇದನ್ನು ಮನೆಯಲ್ಲೇ ಮಾಡಬಹುದಾ?

ಸಾಲ್ಡರ್_ಕೈ

ಶುದ್ಧ ಸದ್ದಿನ ಆಂಪ್‌ಗೆ ಹಾಕಿದರೆ ಖಂಡಿತ ಚುಚ್ಚುತ್ತದೆ. ಆಗಲೇ ಒಡೆಯುವ ಅಂಚಿನಲ್ಲಿರುವ ಆಂಪ್‌ಗೆ ಹಾಕಬೇಕು. ನಿಮ್ಮ ಆಂಪ್‌ನ ಗೇನ್ (ಸದ್ದು ಒಡೆಸುವ) ಚಾನೆಲ್ ಹಾಕಿ, ಗೇನ್ ಅರ್ಧಕ್ಕಿಂತ ಕಡಿಮೆ ಇಡಿ, ಟ್ರೆಬಲ್ ಪೂರ್ತಿ ಇಳಿಸಿ. ನಂತರ ಬೂಸ್ಟರ್. ಹೆಡ್‌ಫೋನಿನಲ್ಲಿ ನುಡಿಸುವವರು ಎಸಿ30 ಮಾಡೆಲ್ ಇರುವ ಯಾವುದಾದರೂ ಮಾಡೆಲರ್ (ಆಂಪ್ ಸದ್ದನ್ನು ನಕಲು ಮಾಡುವ ಪೆಟ್ಟಿಗೆ) ಮುಂದೆ ಹಾಕಿ, ಮೋಸ ಇಲ್ಲ.

ಮಾಡುವುದು ಸುಲಭ. ಒಂದು ಟ್ರಾನ್ಸಿಸ್ಟರ್, ಬೆರಳೆಣಿಕೆಯಷ್ಟು ರೆಸಿಸ್ಟರ್, ಕೆಪಾಸಿಟರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್‌ಪಿ ರೋಡಿಗೆ ಒಂದು ಮಧ್ಯಾಹ್ನ ಹೋಗಿ ಬಂದರೆ ಎಲ್ಲ ಸಿಗುತ್ತದೆ, ಜರ್ಮೇನಿಯಂ ಒಂದು ಬಿಟ್ಟು. ಅದಕ್ಕೆ ಹುಡುಕಾಡಬೇಕು. ತಮಾಷೆ ಏನು ಗೊತ್ತಾ, ನಮ್ಮ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಮೈ ಮೇಲೆ ಬಿಇಎಲ್ ಅಂತ ಅಚ್ಚು ಇರುತ್ತದೆ. ಇವತ್ತು ಬೇರೆ ದೇಶಗಳ ಪೆಡಲ್ ಮಾಡುವವರೂ ಅದನ್ನು ಹುಡುಕಿ ಕೊಳ್ಳುತ್ತಾರೆ. ನಮ್ಮವರು ಹಳೇ ರೇಡಿಯೋ ಜೊತೆ ಗುಜರಿಗೆ ಹಾಕಿದ್ದೇವೆ.

ಎರಡು ಎಚ್ಚರಿಕೆ. ಜರ್ಮೇನಿಯಂಗೆ ಸೆಕೆ ಆಗಿಬರುವುದಿಲ್ಲ. ಬಿಸಿ ಏರಿದರೆ ಕರೆಂಟ್ ಸೋರುತ್ತದೆ, ಸದ್ದು ಹಾಳಾಗುತ್ತದೆ. ಬೆಂಗಳೂರಿಗೆ ಪರವಾಗಿಲ್ಲ, ರಾಯಚೂರಿನ ಏಪ್ರಿಲ್‌ನಲ್ಲಿ ಕಷ್ಟ. ಅಂಥ ಊರಿನವರು ಸಿಲಿಕಾನ್ ಹಾಕಿ. ಇನ್ನೊಂದು, ಹಳೇ ಸರ್ಕ್ಯೂಟ್ ಪಾಸಿಟಿವ್ ಗ್ರೌಂಡ್, ಅಂದರೆ ಗ್ರೌಂಡ್‌ಗೆ ಸೇರುವುದು ಬ್ಯಾಟರಿಯ ಪ್ಲಸ್, ಉಳಿದ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್. ಬೇರೆ ಪೆಡಲ್‌ಗಳ ಅಡಾಪ್ಟರನ್ನೇ ಇದಕ್ಕೂ ಹಂಚಿದರೆ ಶಾರ್ಟ್ ಆಗುತ್ತದೆ. ಇದಕ್ಕೆ ಬೇರೆ ಬ್ಯಾಟರಿ ಇಡಿ.

ಬೆರಳೇ_ಬಂಡವಾಳ

ಸುಮ್ನೆ ಮಗುವಿಗೆ ಸಾಲ್ಡರ್ ಹಿಡಿಸಿ ಹಾಳು ಮಾಡುತ್ತಿದ್ದೀರಿ. ಟೋನ್ ಇರುವುದು ಬೆರಳಲ್ಲಿ. ಬ್ರಯಾನ್ ಮೇ ಕೈಗೆ ಯಾವ ಗಿಟಾರ್ ಕೊಟ್ಟರೂ ಬ್ರಯಾನ್ ಮೇ ಥರವೇ ಕೇಳುತ್ತದೆ. ಅಭ್ಯಾಸ ಮಾಡಪ್ಪ, ದಿನಾ ಎರಡು ಗಂಟೆ. ಪೆಡಲ್ ಬೇಡ, ಬೂಸ್ಟರ್ ಬೇಡ.

ಹಳೇತಂತಿ

ಈ ಮಾತು ಬರುತ್ತದೆ ಅಂತ ಕಾಯುತ್ತಿದ್ದೆ.

ಬೆರಳಲ್ಲೇ ಎಲ್ಲ ಇದ್ದಿದ್ದರೆ 1979ರಲ್ಲಿ ಆ ರಾಕಬಿಲಿ ಹಾಡಿಗೆ, ಅದೇ ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್, ಸೋಲೋ ನುಡಿಸಲು ಡ್ರಮ್ಮರ್ ರೋಜರ್ ಟೇಲರ್ ಅವರ ಫೆಂಡರ್ ಎಸ್ಕ್ವಯರ್ ಯಾಕೆ ಎತ್ತಿಕೊಂಡರು? ಪ್ರೊಡ್ಯೂಸರ್ ಹೇಳಿದರು ಇದಕ್ಕೆ ಫೆಂಡರ್ ಸದ್ದೇ ಬೇಕು ಅಂತ. ಇವರಿಗೆ ಮೊದಲು ಇಷ್ಟ ಇರಲಿಲ್ಲ. ಕೊನೆಗೆ ನುಡಿಸಿದರು. ಕೇಳಿ ನೋಡಿ, ಕೈ ಅವರದೇ, ಸದ್ದು ಬೇರೆ. ಬೆರಳು ಬೇಕು, ಯಾರೂ ಇಲ್ಲ ಅನ್ನಲಿಲ್ಲ. ಆದರೆ ಹುಡುಗ ಕೇಳಿದ್ದು ಸಲಕರಣೆ ಬಗ್ಗೆ ಅಲ್ವಾ?

ಬೆರಳೇ_ಬಂಡವಾಳ

ಒಂದು ಹಾಡು ಹಿಡಿದು ವಾದ ಮಾಡಬೇಡಿ. ಆದರೂ ಸರಿ, ಆ ಹಾಡನ್ನು ಮತ್ತೆ ಕೇಳುತ್ತೇನೆ.

ಲಂಡನ್_ಚಳಿ

ಮೂವತ್ತು ವರ್ಷದಿಂದ ಇಲ್ಲೇ ಇದ್ದೇನೆ, ಊರು ಹಾಸನ. ಎಲ್ಲರೂ ಒಂದು ವಿಷಯ ಬಿಟ್ಟಿರಿ. ತಂತಿ ಮೀಟಲು ಮೇ ಪ್ಲಾಸ್ಟಿಕ್ ಪಿಕ್ ಹಿಡಿಯುವುದಿಲ್ಲ. ಬ್ರಿಟನ್ನಿನ ಹಳೇ ಸಿಕ್ಸ್‌ಪೆನ್ಸ್ ನಾಣ್ಯ ಹಿಡಿಯುತ್ತಾರೆ. ಅದರ ಅಂಚಿನ ಹಲ್ಲು ತಂತಿಗೆ ತಾಗಿ ಪ್ರತಿ ಸ್ವರದ ಮೊದಲಲ್ಲಿ ಸಣ್ಣ ಕರಕರ ಬರುತ್ತದೆ. ವ್ಯಂಜನ ಸೇರಿದ ಹಾಗೆ. ಓರೆ ಮಾಡಿ ಹಿಡಿದರೆ ಆ ಕರಕರ ಜಾಸ್ತಿ, ಚಪ್ಪಟೆ ಹಿಡಿದರೆ ಕಡಿಮೆ. ನಾಣ್ಯ ಬಾಗುವುದಿಲ್ಲವಲ್ಲ, ಹಾಗಾಗಿ ಬೆರಳಿನ ಒತ್ತಡ ಪೂರ್ತಿ ತಂತಿಗೆ ಹೋಗುತ್ತದೆ.

ಆ ನಾಣ್ಯದ ಚಲಾವಣೆ 1980ರಲ್ಲೇ ನಿಂತಿತು. 1993ರಲ್ಲಿ ಅವರ ಸ್ವಂತ ಪ್ರವಾಸಕ್ಕಾಗಿ ರಾಯಲ್ ಮಿಂಟ್ ವಿಶೇಷವಾಗಿ ಸಿಕ್ಸ್‌ಪೆನ್ಸ್ ಅಚ್ಚು ಹಾಕಿಕೊಟ್ಟಿತು. ಮತ್ತೆ 2020ರಲ್ಲಿ ಕ್ವೀನ್ ಬ್ಯಾಂಡ್ ಹೆಸರಿನಲ್ಲಿ ಐದು ಪೌಂಡ್ ನಾಣ್ಯ ಬಂತು. ಅದರ ಮೇಲೆ ನಾಲ್ವರ ವಾದ್ಯಗಳು, ಈ ಬೆಂಕಿಗೂಡಿನ ಗಿಟಾರೂ ಸೇರಿ.

2002ರ ಜೂನ್ 3ರಂದು ಬಕಿಂಗ್‌ಹ್ಯಾಮ್ ಅರಮನೆ ಚಾವಣಿ ಮೇಲೆ ನಿಂತು ರಾಷ್ಟ್ರಗೀತೆ ನುಡಿಸಿದರಲ್ಲ, ಅವತ್ತು ನಾನು ಟಿವಿ ಮುಂದೆ. ಗಾಳಿಗೆ ಕೂದಲು ಹಾರುತ್ತಿತ್ತು. ಹದಿನಾರರ ಹುಡುಗ ಅಪ್ಪನ ಜೊತೆ ಕೂತು ಕೆತ್ತಿದ ಅದೇ ಗಿಟಾರ್.

ಮಲ್ಲೇಶ್ವರಂ_ಬೆಂಡ್

ಸಿಕ್ಸ್‌ಪೆನ್ಸ್ ಎಲ್ಲಿಂದ ತರಲಿ ಸರ್?

ಲಂಡನ್_ಚಳಿ

ಬೇಡಪ್ಪಾ, ನಿಮ್ಮ ಮನೆಯಲ್ಲೇ ಇರುತ್ತದೆ. ಹಳೇ ನಾಕಾಣೆ ಹುಡುಕಿ. 25 ಪೈಸೆ. ಅಗಲ 19 ಮಿಲಿಮೀಟರ್, ಸಿಕ್ಸ್‌ಪೆನ್ಸ್ ಅದಕ್ಕಿಂತ ಕೂದಲೆಳೆ ದೊಡ್ಡದು. 1970, 80ರ ದಶಕದ ತಾಮ್ರ ನಿಕಲ್ ನಾಣ್ಯ ಬೇಕು, ಅಂಚಿನಲ್ಲಿ ಗೀರು ಇರುವುದು. ಘೇಂಡಾಮೃಗದ ಚಿತ್ರದ ಸ್ಟೀಲ್ ನಾಣ್ಯ ಬೇಡ, ತುಂಬಾ ಗಟ್ಟಿ, ತಂತಿ ತಿನ್ನುತ್ತದೆ. ನಾಕಾಣೆ 2011ರಲ್ಲಿ ಚಲಾವಣೆಯಿಂದ ಹೋಯಿತು, ಹಾಗಾಗಿ ಯಾರೂ ಬೇಡ ಅನ್ನಲ್ಲ.

ಕಿವುಡು_ಡ್ರಮ್ಮರ್

ಗಿಟಾರಿಗರು ನಾಕಾಣೆಗೆ ಬೆಲೆ ಬಾಳುವುದಿಲ್ಲ ಅಂತ ಇಷ್ಟು ದಿನ ಹೇಳುತ್ತಿದ್ದೆ. ಮಾತು ವಾಪಸ್ ತಗೊಂಡೆ.

ಪೇಡೆ_ಮತ್ತು_ಫಝ್

ಧಾರವಾಡದಿಂದ ಬರೆಯುತ್ತಿದ್ದೇನೆ ರೀ. ನನ್ನ ಮಟ್ಟಿಗೆ ಈ ಇಡೀ ಕತೆಯ ಹೀರೋ ಎಸಿ30 ಅಲ್ಲ, ಡೀಕಿ ಆಂಪ್.

ಸುಮಾರು 1972. ಕ್ವೀನ್ ಬ್ಯಾಂಡಿನ ಬೇಸ್ ವಾದಕ ಜಾನ್ ಡೀಕನ್ ಲಂಡನ್ ರಸ್ತೆಯಲ್ಲಿ ನಡೆದು ಹೋಗುವಾಗ ಕಸದ ತೊಟ್ಟಿಯಲ್ಲಿ ವೈರ್ ನೇತಾಡುವ ಒಂದು ಸರ್ಕ್ಯೂಟ್ ಬೋರ್ಡ್ ಕಂಡಿತು. ಎಲೆಕ್ಟ್ರಾನಿಕ್ಸ್ ಓದಿದ ಮನುಷ್ಯ, ಬಿಟ್ಟು ಹೋಗುವುದು ಹೇಗೆ? ಮನೆಗೆ ತಂದು, ಪುಸ್ತಕದ ಕಪಾಟಿನಲ್ಲಿ ಇಡುವಂಥ ಚಿಕ್ಕ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದರು. 9 ವೋಲ್ಟ್ ಬ್ಯಾಟರಿ. ನಾಬ್ ಒಂದೂ ಇಲ್ಲ. ವಾಲ್ಯೂಮ್ ಇಲ್ಲ, ಟೋನ್ ಇಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಮೇ ತಮ್ಮ ಗಿಟಾರ್ ಮತ್ತು ಟ್ರೆಬಲ್ ಬೂಸ್ಟರ್ ಸಿಕ್ಕಿಸಿ ನುಡಿಸಿದರೆ ಪಿಟೀಲು, ಕೊಳಲು, ಕಹಳೆ ಎಲ್ಲ ಅದರೊಳಗೆ ಕೂತಿದ್ದ ಹಾಗಿತ್ತು. 1975ರ ಗುಡ್ ಕಂಪನಿ ಹಾಡಿನಲ್ಲಿ ಇಡೀ ಜಾಝ್ ಬ್ಯಾಂಡ್ ಕೇಳುತ್ತದಲ್ಲ, ಅದು ಪೂರ್ತಿ ಗಿಟಾರ್. ಒಂದೊಂದು ವಾದ್ಯಕ್ಕೆ ಒಂದೊಂದು ಸಲ ಬೇರೆ ಬೇರೆ ನುಡಿಸಿ ಜೋಡಿಸಿದ್ದು. ಜನ ಸಿಂಥಸೈಜರ್ ಅಂದುಕೊಳ್ಳುತ್ತಾರೆ ಅಂತ ಆ ಕಾಲದ ಆಲ್ಬಮ್ ಕವರಿನ ಮೇಲೆ ಸಿಂಥಸೈಜರ್ ಬಳಸಿಲ್ಲ ಅಂತ ಅಚ್ಚು ಹಾಕಿಸುತ್ತಿದ್ದರು. 1980ರ ಆಲ್ಬಮ್‌ನಲ್ಲಿ ಮೊದಲ ಸಲ ಸಿಂಥಸೈಜರ್ ಬಳಸಿದರು.

ಇದನ್ನು ಓದಿದ ಮೇಲೆ ನಮ್ಮಜ್ಜನ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಅಟ್ಟದಿಂದ ಇಳಿಸಿದೆ. ಅಜ್ಜ ಅದರಲ್ಲಿ ಧಾರವಾಡ ಆಕಾಶವಾಣಿ ಬಿಟ್ಟು ಬೇರೆ ಹಾಕಿದ್ದೇ ಇಲ್ಲ. ಸ್ಟೇಷನ್ ಹಿಡಿಯುವುದು ಸತ್ತಿತ್ತು, ಆಂಪ್ ಭಾಗ ಬದುಕಿತ್ತು. ವಾಲ್ಯೂಮ್ ನಾಬ್ ಹತ್ತಿರ ವೈರ್ ಹಾಕಿ ಗಿಟಾರ್ ಜೋಡಿಸಿದೆ. ಮೊದಲ ಸಲ ಏನೂ ಬರಲಿಲ್ಲ, ಬರೀ ಗುಂಯ್. ಮುಂದೆ ಬೂಸ್ಟರ್ ಹಾಕಿದ ಕೂಡಲೇ ಗಂಟಲು ಬಂತು. ಅಂಗೈಯಗಲದ ಸ್ಪೀಕರ್ ಮುಂದೆ ಮೊಬೈಲ್ ಇಟ್ಟು ಮೂರು ಸಲ ಮೂರು ಸ್ವರ ರೆಕಾರ್ಡ್ ಮಾಡಿ ಕೂಡಿಸಿದೆ. ಅವ್ವ ಬಂದು, ಇದು ಯಾರ ಶಹನಾಯಿ ಅಂದರು.

ಬ್ಯಾಟರಿ ರೇಡಿಯೋ ಮಾತ್ರ ಮುಟ್ಟಿರಿ. ಗೋಡೆಗೆ ಸಿಕ್ಕಿಸುವ ಹಳೇ ವಾಲ್ವ್ ರೇಡಿಯೋ ತೆಗೆಯಬೇಡಿ, ಜೀವ ಹೋಗುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ನಿಂತಿರುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ನಮ್ಮ ಕಡೆಯವರಿಗೆ ಇಷ್ಟ ಆಗುತ್ತದೆ. 1974ರ ವೈಟ್ ಕ್ವೀನ್ ಹಾಡಿನಲ್ಲಿ ಸಿತಾರ್ ಥರ ಝೇಂಕಾರ ಬರುತ್ತದೆ. ಅದು ಸಿತಾರ್ ಅಲ್ಲ. ಅಗ್ಗದ ಹಳೇ ಅಕೂಸ್ಟಿಕ್ ಗಿಟಾರಿನ ಬ್ರಿಡ್ಜ್ ತಿದ್ದಿ, ತಂತಿ ಅದಕ್ಕೆ ಸವರಿಕೊಂಡು ಮಿಡಿಯುವ ಹಾಗೆ ಮಾಡಿದ್ದು. ನಾವು ತಂಬೂರಿಗೆ ಜವಾರಿ ಕೊಡುತ್ತೇವಲ್ಲ, ಅದೇ ಉಪಾಯ.

ಲಂಡನ್_ಚಳಿ

ಶಹನಾಯಿ! ಆ ರೆಕಾರ್ಡಿಂಗ್ ದಯವಿಟ್ಟು ಹಾಕಿ.

ಹಳೇತಂತಿ

ಎಫೆಕ್ಟ್ ಅಂತ ನಿಜವಾಗಿ ಹೇಳಬೇಕಾದ್ದು ಡಿಲೇ, ಅಂದರೆ ಮರುದನಿ. ಅದಕ್ಕೂ ಒಂದು ಕತೆ. 1974ರ ಬ್ರೈಟನ್ ರಾಕ್ ಸೋಲೋ ತಗೊಳ್ಳಿ. ಎಕೋಪ್ಲೆಕ್ಸ್ ಅಂತ ಟೇಪ್ ಡಿಲೇ ಯಂತ್ರ. ಅದರಲ್ಲಿ ಟೇಪಿನ ದಾರಿಯನ್ನೇ ಉದ್ದ ಮಾಡಿಸಿ, ಮರುದನಿ ತಡವಾಗಿ ಬರುವ ಹಾಗೆ ಮಾಡಿಕೊಂಡರು. ಆ ಮರುದನಿಯನ್ನು ಬೇರೆ ಆಂಪ್‌ಗೆ ಕಳಿಸಿದರು. ಮೊದಲು ಒಂದು ಸಾಲು ನುಡಿಸಿ, ಅದು ಪಕ್ಕದ ಆಂಪ್‌ನಿಂದ ಮರಳಿ ಬರುವಾಗ ಅದರ ಮೇಲೆ ಎರಡನೇ ಸಾಲು. ಅದು ಮರಳುವಾಗ ಮೂರನೆಯದು. ಒಬ್ಬನೇ ನಿಂತು ಮೂವರ ಹಾಡು.

ಇಲ್ಲಿ ಬೇರೆ ಆಂಪ್ ಅನ್ನುವುದೇ ಮುಖ್ಯ. ಮೂರೂ ಒಂದೇ ಒಡೆದ ಆಂಪ್‌ನಲ್ಲಿ ಬಿದ್ದರೆ ಚಿತ್ರಾನ್ನ. ತಮ್ಮಾ, ನಿನ್ನ ಒಂದೇ ಆಂಪ್‌ನಲ್ಲಿ ಇದನ್ನು ಪ್ರಯತ್ನ ಮಾಡಿ ನಿರಾಶೆ ಆಗಬೇಡ. ಕಂಪ್ಯೂಟರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹಾಕಿ ಮಾಡು.

ಬೆರಳೇ_ಬಂಡವಾಳ

ಎಸ್ಕ್ವಯರ್ ಹಾಡು ಮತ್ತೆ ಕೇಳಿದೆ. ಸದ್ದು ಬೇರೆ, ಒಪ್ಪಿದೆ. ವೈಬ್ರೇಟೋ (ಬೆರಳಿನಿಂದ ಸ್ವರ ಅಲುಗಿಸುವುದು) ಮಾತ್ರ ಅವರದೇ. ಅಷ್ಟು ನನಗೆ ಬಿಟ್ಟುಕೊಡಿ.

ಮಲ್ಲೇಶ್ವರಂ_ಬೆಂಡ್

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಒಂದು, ಪೆಡಲ್ ಕೊಳ್ಳಲಿಲ್ಲ. ಎರಡು, ಎಸ್‌ಪಿ ರೋಡಿಗೆ ಹೋಗಿ ಸಾಮಾನು ತಂದೆ. ಜರ್ಮೇನಿಯಂ ಕೇಳಿದ್ದಕ್ಕೆ ಮೂರು ಅಂಗಡಿಯವರು ನಕ್ಕರು. ನಾಲ್ಕನೆಯವರು ವಯಸ್ಸಾದವರು, ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ಬಿಇಎಲ್ ಅಚ್ಚಿನ ಎಸಿ128 ಐದು ಇದ್ದವು! ಎರಡು ಸತ್ತಿದ್ದವು, ಒಂದು ಬಹಳ ಸೋರುತ್ತಿತ್ತು, ಎರಡು ಸರಿ ಇದ್ದವು. ಬೂಸ್ಟರ್ ಎರಡನೇ ಪ್ರಯತ್ನಕ್ಕೆ ಮಾತಾಡಿತು. ಮೊದಲ ಸಲ ಬ್ಯಾಟರಿ ಉಲ್ಟಾ ಹಾಕಿದ್ದೆ.

ನಾಕಾಣೆ ಅಮ್ಮನ ಸಾಸಿವೆ ಡಬ್ಬಿಯ ತಳದಲ್ಲಿ ಸಿಕ್ಕಿತು. 1985 ಅಂತ ಇದೆ. ಮೊದಲ ಎರಡು ದಿನ ಕೈಯಿಂದ ಜಾರಿ ಜಾರಿ ಬಿತ್ತು, ಈಗ ಕೂತಿದೆ. ಕರಕರ ಬರುತ್ತದೆ, ನಿಜ. ಮಧ್ಯದ ಮತ್ತು ಬ್ರಿಡ್ಜ್ ಪಿಕಪ್ ಸೀರೀಸ್ ಮಾಡಿಸಿದೆ. ಸೋಲೋ ಸದ್ದು ಜೀರುಂಡೆಯಿಂದ ಸುಮಾರಾಗಿ ಮೇಲೆ ಬಂದಿದೆ.

ಆದರೆ ಒಂದು ತೊಂದರೆ. ವಾಲ್ಯೂಮ್ ನಾಬ್ ಇಳಿಸಿದರೆ ಸದ್ದು ಶುದ್ಧ ಆಗಬೇಕು ಅಂದಿರಲ್ಲ? ನನ್ನದು ಶುದ್ಧ ಆಗುವುದಿಲ್ಲ, ಬರೀ ಸಣ್ಣ ಆಗುತ್ತದೆ. ಕರ್ಕಶವೂ ಇದೆ. ಟ್ರಾನ್ಸಿಸ್ಟರ್ ಬದಲಿಸಿ ನೋಡಿದೆ, ಅದೇ.

ಸಾಲ್ಡರ್_ಕೈ

ಬೋರ್ಡ್ ಫೋಟೋ ನೋಡಿದೆ, ಸರಿಯಾಗಿದೆ. ಗಿಟಾರಿನಿಂದ ಕೇಬಲ್ ನೇರ ಬೂಸ್ಟರಿಗೆ ಹೋಗುತ್ತಾ?

ಮಲ್ಲೇಶ್ವರಂ_ಬೆಂಡ್

ಹೌದು ಸರ್. ಟ್ಯೂನರ್ ಆದ ಮೇಲೆ ನೇರ.

ಸಾಲ್ಡರ್_ಕೈ

ಆ ಟ್ಯೂನರ್ ಒಳಗೆ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇದೆ. ಆಫ್ ಮಾಡಿದ್ದರೂ ಸಿಗ್ನಲ್ ಅದರ ಮೂಲಕವೇ ಹೋಗುತ್ತದೆ, ಬೂಸ್ಟರಿಗೆ ಪಿಕಪ್ ಕಾಣಿಸುವುದೇ ಇಲ್ಲ. ಟ್ಯೂನರನ್ನು ಬೂಸ್ಟರ್ ಆದ ಮೇಲೆ ಹಾಕಿ.

ಮಲ್ಲೇಶ್ವರಂ_ಬೆಂಡ್

ಬಂತು ಸರ್.